ಯುಟ್ಟಾ ಅತ್ತೆಯ ಸಾಕ್ಷಿ

ವೆರ್ರಾ ನದಿಯ ತಿರುವಿನ ಗುಡ್ಡದ ಮೇಲೆ ವೋಲ್ರಾಡನ ಕೋಟೆಯಿತ್ತು. ಕೋಟೆ ಅಂದರೆ ಒಂದು ಬುರುಜು, ಹೊಗೆ ಹಿಡಿದ ಒಂದು ಹಜಾರ, ಹನ್ನೆರಡು ಕುದುರೆಗಳ ಲಾಯ, ಅಷ್ಟೇ. ಮುಪ್ಪಿನಲ್ಲಿ ಬೆಂಕಿಯ ಮುಂದೆ ಕೂತು ಅವನು ನೆನೆಯುತ್ತಿದ್ದುದು ತಾನು ಕಾದಿದ ಕಾಳಗಗಳನ್ನಲ್ಲ, ಗಿಸ್ಲಾಳ ಜೊತೆ ಬಾಳಿದ ಹನ್ನೊಂದು ವರ್ಷಗಳನ್ನು.

ಗಿಸ್ಲಾ ನದಿಯಾಚೆಯ ಮನೆತನದವಳು. ಬಂದ ಮೊದಲ ಚಳಿಗಾಲದಲ್ಲೇ ಅಡುಗೆಮನೆ, ಜೇನುಗೂಡು, ಬಿಯರ್ ಕಾಯಿಸುವ ಹಂಡೆ ಎಲ್ಲ ಅವಳ ಕೈಗೆ ಬಂದವು. ಗಂಡ ಹಾಡಲು ಬಾಯಿ ತೆರೆದರೆ ನಾಯಿಗಳೂ ಎದ್ದುಹೋಗುತ್ತವೆ ಎಂದು ಎಲ್ಲರೆದುರೇ ನಗುತ್ತಿದ್ದಳು. ಮಕ್ಕಳಾಗಲಿಲ್ಲ ಎಂಬ ಕೊರಗೊಂದು ಬಿಟ್ಟರೆ ಅವರು ಚೆನ್ನಾಗಿದ್ದರು.

ಅವಳ ಅಣ್ಣ ದೀಟ್ಮಾರನಿಗೆ ತಂಗಿಗೆ ಬಳುವಳಿಯಾಗಿ ಕೊಟ್ಟಿದ್ದ ನೀರಿನ ಗಿರಣಿಯ ಮೇಲೆ ಕಣ್ಣು ಬಿತ್ತು. ಮದುವೆ ಮುರಿದರೆ ಗಿರಣಿ ತಂಗಿಯ ಹೆಸರಿಗೆ ಮರಳಿ, ಅವಳ ಜೊತೆ ತವರಿಗೆ ವಾಪಸು. ಗಂಡಹೆಂಡತಿ ರಕ್ತಸಂಬಂಧಿಗಳು, ಈ ಮದುವೆ ಧರ್ಮಕ್ಕೆ ಹೊರತು ಎಂದು ಅವನು ಬಿಷಪ್ಪರ ನ್ಯಾಯಸಭೆಗೆ ದೂರು ಕೊಟ್ಟ. ನಿಜವೋ ಸುಳ್ಳೋ ಹೇಳಬಲ್ಲವರು ಒಬ್ಬರೇ ಉಳಿದಿದ್ದರು: ವೋಲ್ರಾಡನ ಸೋದರತ್ತೆ, ಸನ್ಯಾಸಿನಿಯರ ಮಠದಲ್ಲಿದ್ದ ಯುಟ್ಟಾ. ಕಣಿವೆಯ ಎಲ್ಲ ಮನೆತನಗಳ ನೆಂಟಸ್ತಿಕೆ ಆಕೆಯ ನಾಲಗೆಯ ತುದಿಯಲ್ಲಿತ್ತು.

ವಿಚಾರಣೆಯ ಹಿಂದಿನ ದಿನ ವೋಲ್ರಾಡ್ ಮಠಕ್ಕೆ ಹೋದ.

"ಅತ್ತೆ, ನಿಮಗೂ ವಯಸ್ಸಾಯ್ತು. ಮರ್ತುಹೋಯ್ತು ಅಂದ್ರೆ ಯಾರೂ ತಪ್ಪು ತಿಳ್ಕೊಳಲ್ಲ."

"ಮರ್ತಿದ್ರೆ ಹಂಗೇ ಹೇಳ್ತಿದ್ದೆ ಮಗಾ," ಎಂದಳು ಮುದುಕಿ. "ಸಂತರ ಎಲುಬಿನ ಮೇಲೆ ಕೈ ಇಟ್ಟು ಆಣೆ ಮಾಡಿ ಹೆಂಗೆ ಸುಳ್ಳು ಹೇಳ್ಲಿ?"

ಹಾಗಾದರೆ ಮದುವೆಯ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳಿದ. ಯಾರೂ ಕೇಳಲಿಲ್ಲ, ನೀವಿಬ್ಬರೂ ಅಷ್ಟು ಖುಷಿಯಾಗಿದ್ದಿರಿ ಎಂದಳು.

ಮರುದಿನ ಸಾಕ್ಷಿ ಹೇಳಿದಳು: ವೋಲ್ರಾಡನ ಮುತ್ತಜ್ಜಿಯೂ ಗಿಸ್ಲಾಳ ಮುತ್ತಜ್ಜಿಯೂ ಒಡಹುಟ್ಟಿದವರು. ಆ ಕಾಲದ ಚರ್ಚಿನ ಕಟ್ಟಳೆಗೆ ಅಷ್ಟು ದೂರದ ನೆಂಟಸ್ತಿಕೆಯೂ ಸಾಕಾಯಿತು, ಮದುವೆ ರದ್ದಾಯಿತು. ಹೊರಡುವಾಗ ಗಿಸ್ಲಾ ಅಳಲಿಲ್ಲ. ಉಣ್ಣೆಯ ಒಳಅಂಗಿಗಳು ಯಾವ ಪೆಟ್ಟಿಗೆಯಲ್ಲಿವೆ ಎಂದು ಅವನಿಗೆ ಎರಡು ಸಲ ಹೇಳಿದಳು.

ಅವಳು ಅಣ್ಣನ ಮನೆಗೆ ಹೋಗಲಿಲ್ಲ. ಗಿರಣಿಯನ್ನು ಮಠಕ್ಕೆ ಕಾಣಿಕೆ ಬರೆದುಕೊಟ್ಟು ತಾನೂ ಅಲ್ಲೇ ಸೇರಿಬಿಟ್ಟಳು. ದೀಟ್ಮಾರನಿಗೆ ಗಿರಣಿಯ ಹಿಟ್ಟಿನ ಧೂಳೂ ದಕ್ಕಲಿಲ್ಲ.

ಮತ್ತೆ ಮದುವೆಯಾಗು ಎಂದು ಹೇಳಿ ಹೇಳಿ ಬಂಧುಗಳು ಸುಸ್ತಾದರು. ವೋಲ್ರಾಡ್ ಆಗಲಿಲ್ಲ. ವರ್ಷಕ್ಕೆರಡು ಸಲ ಅತ್ತೆಯನ್ನು ನೋಡುವ ನೆಪದಲ್ಲಿ ಮಠಕ್ಕೆ ಹೋಗುತ್ತಿದ್ದ. ಯುಟ್ಟಾ ಸರಳಿನ ಕಿಂಡಿಯಾಚೆ ಬಂದು ಕೂರುವಳು. ಕೈಹಿಡಿದು ಕರೆತರುವವಳು ಪ್ರತಿಸಲವೂ ಗಿಸ್ಲಾಳೇ. ಅರ್ಧ ಗಳಿಗೆಯಲ್ಲಿ ಮುದುಕಿಗೆ ತೂಕಡಿಕೆ ಬರುತ್ತಿತ್ತು. ಅದು ನಿಜವಾದ ನಿದ್ದೆಯೋ ಅಲ್ಲವೋ ಅವನು ಯಾವತ್ತೂ ಕೇಳಲಿಲ್ಲ.

ಯುಟ್ಟಾ ತೀರಿಕೊಂಡ ಮೇಲಿನ ವಸಂತದಲ್ಲೂ ಅವನು ಬಂದ. ಕಿಂಡಿಯ ಬಳಿ ಗಿಸ್ಲಾ ಒಬ್ಬಳೇ ನಿಂತಿದ್ದಳು.

"ಅತ್ತೆ ಹೋದ್ರಲ್ಲ. ಇನ್ನು ಯಾರನ್ನ ನೋಡೋಕೆ ಅಂತ ಬರ್ತೀರಿ?"

"ನೆಂಟರನ್ನ," ಎಂದ ವೋಲ್ರಾಡ್. "ನಾವು ನೆಂಟರು ಅಂತ ಬಿಷಪ್ಪರ ಮುಂದೇನೇ ತೀರ್ಮಾನ ಆಗಿದೆಯಲ್ಲ."

ಅವಳು ತುಂಬ ಹೊತ್ತು ನಕ್ಕಳು. ನೆಂಟರ ಭೇಟಿ ಎಂದ ಮೇಲೆ ಮಠದ ಹಿರಿಯಳಿಗೂ ಇಲ್ಲವೆನ್ನಲು ಆಗಲಿಲ್ಲ.

ಇನ್ನೂ ಒಂಬತ್ತು ವರ್ಷ ಅವನು ಬಂದ. ಇಬ್ಬರೂ ಹಳೇ ಲಾಯದ ಕುದುರೆಗಳ ಹೆಸರು ಒಂದೊಂದಾಗಿ ನೆನಪಿಸಿಕೊಳ್ಳುವರು. ಅವನು ಮರೆತದ್ದನ್ನು ಅವಳು ಹೇಳುವಳು. ಕೊನೆಯ ವರ್ಷ ಮಂಡಿನೋವಿಗೆ ಕುದುರೆ ಹತ್ತಲಾಗದೆ ಗಾಡಿಯಲ್ಲಿ ಬಂದಾಗ, ಗಿಸ್ಲಾ ಕಿಂಡಿಯಿಂದ ಕೈಚಾಚಿ ಅವನ ಕೊರಳಿನ ಉಣ್ಣೆಬಟ್ಟೆಯನ್ನು ಸರಿಪಡಿಸಿ, ಕತ್ತಲಾಗುವ ಮೊದಲು ಮನೆ ಸೇರಿಕೊಳ್ಳಿ ಎಂದಳು.