ಕಬ್ಬಿನ ಪಾಳಿಯಲ್ಲೊಂದು ಹಳದಿ ಗಾಡಿ

ಹೊಸದಾಗಿ ಕಾರು ಕಲಿತವರಿಗೆ ಊರಿನ ರಸ್ತೆಗಳೆಲ್ಲ ಒಂದು ಮೊಳ ಕಿರಿದಾದಂತೆ ಕಾಣುತ್ತವೆ. ಬಸ್ಸಿನ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತ ವರ್ಷಗಟ್ಟಲೆ ದಾಟಿದ ಕುಡಚಿಯ ಸೇತುವೆ, ಸ್ಟೇರಿಂಗ್ ಹಿಡಿದು ಕೂತ ದಿನ ದೊಂಬರ ಹಗ್ಗದಂತೆ ತೋರುತ್ತದೆ. ನನಗೆ ಈ ಜ್ಞಾನೋದಯ ಆಗುವಷ್ಟರಲ್ಲಿ ತಡವಾಗಿತ್ತು. ಚಿಕ್ಕೋಡಿಯಲ್ಲಿ ಲೈಸೆನ್ಸ್ ಸಿಕ್ಕಿತ್ತು, ನಿಪ್ಪಾಣಿಯಲ್ಲಿ ಗಾಡಿಯೂ ಸಿಕ್ಕಿತ್ತು. ಸಿಗದೆ ಉಳಿದದ್ದು ಧೈರ್ಯ ಒಂದೇ.

ನಾನು ಹಾರೂಗೇರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಐವತ್ತರ ಹತ್ತಿರ ಬಂದ ಹೆಂಗಸಿಗೆ ಈ ಹುಚ್ಚು ಯಾಕೆ ಹಿಡಿಯಿತೆಂದು ನೀವು ಕೇಳಬಹುದು. ಕಾರಣ ನನ್ನ ಅಕ್ಕ. ಅವಳಿರುವುದು ಉಗಾರ ಖುರ್ದದಲ್ಲಿ. ಅವಳ ಗಂಡ, ನಮ್ಮ ಮಾಮಾ, ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಮೇಲೆ ಕೆಲಸಕ್ಕಿದ್ದರು. ಹೋದ ವರ್ಷ ಒಂದು ಮುಂಜಾನೆ ಡ್ಯೂಟಿಗೆಂದು ಹೋದವರು, ಕೂತ ಕುರ್ಚಿಯಲ್ಲೇ ಹೋಗಿಬಿಟ್ಟರು. ಅಂದಿನಿಂದ ಅಕ್ಕ ಕಾರ್ಖಾನೆಯ ಕಡೆಯ ಕಿಟಕಿ ತೆರೆದಿಲ್ಲ, ಮನೆಯ ಹೊಸ್ತಿಲು ದಾಟಿಲ್ಲ. ಓಣಿಯ ಕಿರಾಣಿ ಅಂಗಡಿಯ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ನಗುತ್ತಿದ್ದವಳು ಅವಳು. ಪ್ರತಿ ರವಿವಾರ ಬಸ್ಸಿನಲ್ಲಿ ಹೋಗುತ್ತಿದ್ದೆ, ಚಹಾ ಕುಡಿಯುತ್ತಿದ್ದೆ, "ಎಲ್ಲಿಗರ ಹೋಗೋಣು ಬಾ" ಎಂದು ಕರೆಯುತ್ತಿದ್ದೆ.

"ಎಲ್ಲಿ ಹೋಗೂದ? ಎಲ್ಲಿ ಹೋದ್ರೂ ತಿರುಗಿ ಇಲ್ಲೇ ಬರಬೇಕಲ್ಲ" ಎನ್ನುತ್ತಿದ್ದಳು.

ಉತ್ತರ ಇಲ್ಲದವರು ಮಾಡುವ ಹಾಗೆ ನಾನೂ ಒಂದು ವಸ್ತು ಕೊಳ್ಳಲು ಹೊರಟೆ. ಬಾಗಿಲಲ್ಲೇ ಒಂದು ಗಾಡಿ ಬಂದು ನಿಂತರೆ, ನೋಡಿದ ಕೂಡಲೇ ನಗು ಬರುವಂಥ ಗಾಡಿಯಾದರೆ, ಅಕ್ಕ ಬಂದಾಳು ಎಂದುಕೊಂಡೆ. ನನಗೆ ಬೇಕಾದದ್ದು ಮಜಾ ಬರುವ ಗಾಡಿ, ಅದೂ ಮಾಸ್ತರಿಕೆಯ ಪಗಾರಕ್ಕೆ ನಿಲುಕುವಂಥದ್ದು.

ಇಷ್ಟು ಸರಳವಾದ ಆಸೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿದ್ದು ತಪ್ಪಾಯಿತು. "ಬಿಳೀದ ತಗೋರಿ ಬಾಯಾರ, ನಾಳೆ ಮಾರಾಕ ಚೊಲೊ" ಎಂದರು ಡ್ರಿಲ್ ಮಾಸ್ತರರು. ಇನ್ನೂ ಕೊಂಡಿಲ್ಲ, ಆಗಲೇ ಮಾರುವ ಚಿಂತೆ. ಮೈದುನ ಫೋನು ಮಾಡಿ, "ವೈನಿ, ಏಳು ಮಂದಿ ಹಿಡಿಯೂದು ನೋಡ್ರಿ, ಲಗ್ನಕ್ಕ, ಮಿರಜ್ ದವಾಖಾನಿಗೆ, ಎಲ್ಲಾಕೂ ಆಗತೈತಿ" ಎಂದ. ಅಂದರೆ ಮನೆಮಂದಿಯ ಲಗ್ನ, ಬ್ಯಾನಿ ಎಲ್ಲವನ್ನೂ ನಾನೇ ಹೊತ್ತು ತಿರುಗಬೇಕು. ನನ್ನ ಗಂಡ ಮೋಟಾರ್ ಸೈಕಲ್ಲಿನ ಮೇಲೆಯೇ ಜನ್ಮ ಕಳೆದವರು. "ಯಾವದರ ತಗೋ, ನನ್ನ ಮ್ಯಾಲ ಮಾತ್ರ ಹಾಯಿಸಬ್ಯಾಡ" ಎಂದರು. ಒಬ್ಬರಾದರೂ, ಓಡಿಸುವಾಗ ನಿನಗೆ ಖುಷಿಯಾಗಬೇಕು ಎನ್ನಲಿಲ್ಲ.

ಕನ್ನಡ ಕಲಿಸುವವಳಾದ್ದರಿಂದ ದುಃಖವಾದಾಗಲೆಲ್ಲ ಪದಗಳ ಬೆನ್ನು ಹತ್ತುವುದು ನನ್ನ ಚಟ. ಇಂಗ್ಲಿಷರ ಕಾರು ಬರುವ ಎಷ್ಟೋ ಮೊದಲೇ ನಮ್ಮಲ್ಲಿ ಕಾರು ಇತ್ತು. ಕಾರು ಎಂದರೆ ಮಳೆಗಾಲ. ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಬಣ್ಣ ಬಳಿದು ಓಡಿಸುತ್ತೇವಲ್ಲ, ಅದೇ ಕಾರು. ಕಾರು ಎಂದರೆ ಉಗುಳು, ಹೊರಹಾಕು ಎಂದೂ ಆಗುತ್ತದೆ. ಹಾವು ವಿಷ ಕಾರುತ್ತದೆ, ಮನುಷ್ಯ ಹಗೆ ಕಾರುತ್ತಾನೆ. ಒಂದೇ ಪದದಲ್ಲಿ ಮಳೆಯೂ ವಿಷವೂ ಇರುವಾಗ, ಅದನ್ನು ಕೊಳ್ಳಹೊರಟವಳಿಗೆ ಸುಖ ಎಲ್ಲಿಂದ ಬರಬೇಕು?

ನಾನೂ ಗಂಡನೂ ನಿಪ್ಪಾಣಿಯ ಹೊರಗೆ ಹಳೆಯ ಗಾಡಿ ಮಾರುವವನ ಅಂಗಳಕ್ಕೆ ಹೋದೆವು. ಅವನು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಒಂದೊಂದು ಗಾಡಿಯ ಚರಿತ್ರೆ ಹೇಳಿದ. "ಏಕದಮ್ ಚಾಂಗ್ಲಿ, ಭಾಳ ಚೊಲೊ ಗಾಡಿ ಮೇಡಂ, ಡಾಕ್ಟರ್ ಬಾಯಿ ಓಡಸ್ಯಾರ್ರಿ, ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ." ಪಕ್ಕದ ಗಾಡಿಯೂ ಡಾಕ್ಟರ್ ಬಾಯಿಯದೇ. ಅದರಾಚೆಯದೂ ಅವರದೇ. ಇಷ್ಟೊಂದು ಡಾಕ್ಟರ್ ಬಾಯಿಯರು ಇರುವ ಸೀಮೆಯಲ್ಲಿ ನಾವು ಯಾಕೆ ಮಿರಜಿಗೆ ಓಡುತ್ತೇವೆ ಎಂದು ಕೇಳಬೇಕೆನಿಸಿತು. ಮೂಲೆಯಲ್ಲಿ ಒಂದು ಪುಟ್ಟ ಹಳದಿ ಗಾಡಿ ನಿಂತಿತ್ತು. "ಅದರ ಬಣ್ಣಕ್ಕ ಯಾರೂ ಹಿಡಿಯವಲ್ರು" ಎಂದ, ಮೊದಲ ಸಲ ಸತ್ಯ ಹೇಳಿ. ನಾನು ಒಳಗೆ ಕೂತೆ. ಸ್ಟೇರಿಂಗು ಹಗುರಾಗಿ ತಿರುಗಿತು. ಅಂಗಳದಲ್ಲೇ ಒಂದು ಸುತ್ತು ಹೊಡೆದಾಗ ಗಾಡಿ ಕರುವಿನಂತೆ ಚಂಗನೆ ಹಾರಿ ನಿಂತಿತು. ಕ್ಲಚ್ ಬಿಟ್ಟದ್ದು ಹೆಚ್ಚಾಗಿತ್ತು ಎಂದು ಆಮೇಲೆ ತಿಳಿಯಿತು. ಆಗ ಮಾತ್ರ ನಕ್ಕುಬಿಟ್ಟೆ. ಅದೇ ಗಾಡಿ ಎಂದು ಗೊತ್ತಾಯಿತು.

ಮಾರುವವನ ಕಡೆಯವರೇ ಅದನ್ನು ಮನೆಗೆ ತಂದು ನಿಲ್ಲಿಸಿ ಹೋದರು. ಅಲ್ಲಿಗೆ ನನ್ನ ಶೌರ್ಯ ಮುಗಿಯಿತು. ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಸರ್ ಅವರ ಕಾಲಡಿಯೂ ಒಂದು ಬ್ರೇಕು ಇತ್ತು. ನಾನು ಗಾಡಿ ಓಡಿಸುತ್ತೇನೆ ಎಂದುಕೊಂಡದ್ದೆಲ್ಲ ಅವರ ಕಾಲಿನ ಪುಣ್ಯ. ಹಳದಿ ಗಾಡಿಯಲ್ಲಿ ಎರಡನೆಯ ಬ್ರೇಕು ಇರಲಿಲ್ಲ. ದಿನಾ ಸಂಜೆ ಒಳಗೆ ಕೂತು, ಕನ್ನಡಿ ಸರಿಮಾಡಿ, ಇಳಿದು ಬರುತ್ತಿದ್ದೆ. ಬಾನೆಟ್ಟಿನ ಮೇಲೆ ಅತ್ತೆಯವರು ಶ್ಯಾವಿಗೆ ಒಣಹಾಕಿದರು. ನಾನು ಬೇಡ ಎನ್ನಲಿಲ್ಲ. ಯಾರಿಗಾದರೂ ಉಪಯೋಗ ಆಗಲಿ.

ಕಡೆಗೆ ಒಂದು ರವಿವಾರ, ಗಂಡ ಲಗ್ನಕ್ಕೆಂದು ರಾಯಬಾಗಕ್ಕೆ ಹೋದಾಗ, ಇನ್ನು ತಡೆಯಲಾರೆ ಎಂದು ಹೊರಟೇಬಿಟ್ಟೆ. ಅಕ್ಕನಿಗೆ ಫೋನು ಮಾಡಿ, "ತಯಾರಾಗಿರು, ನದೀಮಟ ಹೋಗಿ ಬರೋಣು" ಎಂದೆ.

ಕಬ್ಬಿನ ಹಂಗಾಮು. ಊರು ದಾಟಿದ್ದೇ ತಡ, ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರೊಂದು ಮುಂದೆ ಸಿಕ್ಕಿತು. ದಾರಿಯಗಲ ಕಬ್ಬು, ಅದರ ಮೇಲೆ ಕಿವಿ ಹರಿಯುವ ಹಾಡು. ಅದನ್ನು ಹಿಂದೆ ಹಾಕುವುದು ನನ್ನಿಂದಾಗುವ ಮಾತೇ ಅಲ್ಲ. ಬಾಲದಂತೆ ಹಿಂದೆ ಹಿಂದೆ ಹೋದೆ. ಅದರ ಹಾಗೆಯೇ ನದಿ ದಾಟಿದೆ, ಅದರ ಹಾಗೆಯೇ ಹೊರಳಿದೆ. ಹೊರಳಬಾರದ ಕಡೆಯೂ ಹೊರಳಿದೆ ಎಂದು ತಿಳಿದದ್ದು ಅದು ನಿಂತಾಗ. ಮುಂದೆ ಕಣ್ಣು ಹಾಯುವವರೆಗೂ ಕಬ್ಬಿನ ಗಾಡಿಗಳ ಸಾಲು. ಹಿಂದೆ ಇನ್ನೊಂದು ಟ್ರ್ಯಾಕ್ಟರು ಬಂದು ಅಂಟಿಕೊಂಡು ನಿಂತಿತು. ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೂ ಟ್ರ್ಯಾಕ್ಟರುಗಳು. ನಾನು ಸಕ್ಕರೆ ಕಾರ್ಖಾನೆಯ ಪಾಳಿಯಲ್ಲಿದ್ದೆ.

ಹಿಂದಿನ ಟ್ರ್ಯಾಕ್ಟರಿನವನು ಇಳಿದು ಬಂದು ಕಿಟಕಿಯಲ್ಲಿ ಬಾಗಿದ. "ಬಾಯಾರ, ಎಷ್ಟ್ ಟನ್ ತಂದೀರಿ?"

ಅಕ್ಕಪಕ್ಕದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಈ ವಯಸ್ಸಿನಲ್ಲಿ ಹಳದಿ ಗಾಡಿಯಂತೆ, ಮಜಾ ಅಂತೆ, ಅಕ್ಕನನ್ನು ಮೊದಲಿನಂತೆ ಮಾಡುವುದಂತೆ! ಎಲ್ಲವೂ ಸುಳ್ಳು, ನನ್ನಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಗಟ್ಟಿಯಾಗಿ ಅನಿಸಿತು. ಅಕ್ಕನಿಗೆ ಫೋನು ಮಾಡಿ ಅತ್ತುಬಿಟ್ಟೆ. "ಅಕ್ಕಾ, ಕಬ್ಬಿನ ಪಾಳ್ಯಾಗ ಸಿಕ್ಕೊಂಡೀನಿ. ಹಿಂದ ಬರಾಕ ಆಗವಲ್ದು, ಮುಂದ ಹೋಗಾಕ ಆಗವಲ್ದು."

ಅಕ್ಕ ಕೇಳಿದ್ದು ಒಂದೇ, "ಗೇಟ್ ಕಾಣತೈತೇನ?"

"ಕಾಣತೈತಿ."

ಫೋನು ಇಟ್ಟಳು. ಬೇಸರವಾಯಿತೇನೋ ಎಂದುಕೊಂಡು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕೂತೆ. ಎಷ್ಟೋ ಹೊತ್ತಿನ ಮೇಲೆ ಕಿಟಕಿ ಬಡಿದ ಸದ್ದಾಯಿತು. ಅಕ್ಕ. ತಲೆ ತುಂಬ ಸೆರಗು, ಕೈಯಲ್ಲಿ ಚಹಾದ ಥರ್ಮಾಸು. ಬರುತ್ತಲೇ ಹಿಂದಿನವನಿಗೆ, "ನಗ್ತೀಯೇನಲೇ? ನಿನ್ನ ಅಕ್ಕ ತಂಗೀನ ಹಿಂಗ ಕುಂತಿದ್ರ ನಗತಿದ್ದೇನ?" ಎಂದು ಗದರಿದಳು. ಅವನು "ತಪ್ಪಾತ್ರೀ ಯವ್ವಾ" ಎಂದು ಹಾಡಿನ ಸದ್ದನ್ನೂ ಇಳಿಸಿದ. ಅಕ್ಕ ನನ್ನ ಪಕ್ಕದಲ್ಲಿ ಬಂದು ಕೂತಳು. ಗಾಡಿಯ ಬಣ್ಣ, ಅಂದ ಯಾವುದನ್ನೂ ನೋಡಲಿಲ್ಲ. ಗೇಟನ್ನೇ ನೋಡುತ್ತಿದ್ದಳು.

ಪಾಳಿ ಇಷ್ಟಿಷ್ಟೇ ಸರಿಯಿತು. ಪ್ರತಿ ಸಲ ಗಾಡಿ ಬಂದ್ ಬೀಳುತ್ತಿತ್ತು. "ಮುಂದಿಂದು ಸರೀತ ನೋಡ, ನೀನೂ ಸರಿಸು" ಎನ್ನುತ್ತಿದ್ದಳು ಅಕ್ಕ. ಗೇಟಿನ ಹತ್ತಿರ ವಾಚ್‌ಮನ್ ಬಂದು, "ಕಬ್ಬ ಎಲ್ಲೈತ್ರಿ?" ಎಂದವನು ಅವಳನ್ನು ಕಂಡು ಹಿಂದೆ ಸರಿದ. "ವೈನಿ, ನೀವೇನ್ರಿ? ಒಳಗ ಹೋಗಿ ತಿರುಗಿಸ್ಕೊಂಡ್ ಬರ್ರಿ" ಎಂದು ದಾರಿ ಮಾಡಿಕೊಟ್ಟ.

ಗಾಡಿ ಹೊರಳಿಸಬೇಕಾದದ್ದು ಕಾಟಾದ ಮುಂದೆಯೇ. ಗಾಜಿನಾಚೆ ಖೋಲಿಯಲ್ಲಿ ಒಬ್ಬರು ಕೂತು ತೂಕ ಬರೆದುಕೊಳ್ಳುತ್ತಿದ್ದರು. ಅಕ್ಕ ನೋಡಿದಳು.

"ಬ್ಯಾರೇದವ್ರು ಕುಂತಾರ" ಎಂದಳು.

ಅಷ್ಟೇ. ನಂತರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಾಮಾರನ್ನು ಮಣ್ಣು ಮಾಡಿದ ದಿನವೂ ಅಳದಿದ್ದವಳು. ನಾನು ಸಮಾಧಾನ ಹೇಳುವಂತಿರಲಿಲ್ಲ, ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು, ಹಿಂದಿನಿಂದ ಹಾರ್ನು ಹೊಡೆಯುತ್ತಿದ್ದರು. ಅಳುವ ಅಕ್ಕನನ್ನು ಕೂರಿಸಿಕೊಂಡು, ಮೊದಲನೆಯ ಗೇರಿನಲ್ಲಿಯೇ ಮನೆ ಮುಟ್ಟಿಸಿದೆ.

ಇದಾದ ಮೇಲೆ ಅಕ್ಕ ಮೊದಲಿನಂತಾದಳು ಎಂದು ಬರೆಯಲು ಕೈ ತುರಿಸುತ್ತದೆ. ಆಗಿಲ್ಲ. ಮರುವಾರ ನದಿಗೆ ಬಾ ಎಂದೆ, ಬರಲಿಲ್ಲ. ಅಥಣಿಯ ಪೇಟೆಗೆ ಕರೆದೆ, ಕಾಗವಾಡದ ಬಳಗದವರ ಮನೆಗೆ ಕರೆದೆ, ಬರಲಿಲ್ಲ. ಆ ಕಿಟಕಿ ಮುಚ್ಚಿಯೇ ಇದೆ. ನಾನೂ ಟ್ರ್ಯಾಕ್ಟರ್ ಹಿಂದೆ ಹಾಕುವುದನ್ನು ಕಲಿತಿಲ್ಲ. ಹೋಗುವಾಗ ಬರುವಾಗ ಎಲ್ಲಾದರೂ ಗಾಡಿಗೆ ಒಂದು ಗೀರು ಮಾಡಿಕೊಂಡೇ ಬರುತ್ತೇನೆ. ಆದರೆ ಒಂದು ಆಗಿದೆ. ಪ್ರತಿ ರವಿವಾರ ಬಾಗಿಲಲ್ಲಿ ಗಾಡಿ ನಿಂತ ಸದ್ದಿಗೆ ಅಕ್ಕ ಹೊರಗೆ ಬರುತ್ತಾಳೆ. ಸುತ್ತಲೂ ಒಂದು ಸುತ್ತು ತಿರುಗಿ, ಬಗ್ಗಿ ನೋಡಿ, ಬೆರಳಿನಿಂದ ಸವರಿ, "ಇದ ಹೊಸಾದು. ಎಲ್ಲಿ ಹಚ್ಚಿಸ್ಕೊಂಡ್ ಬಂದಿ?" ಎಂದು ಬೈಯುತ್ತಾಳೆ. ಬೈದು ಒಳಗೆ ಹೋಗುತ್ತಾಳೆ.

ಈ ವಾರ ಹಿಂದಿನ ಬಾಗಿಲಿಗೆ ಉದ್ದಕ್ಕೆ ಗೀರು ಬಿದ್ದಿದೆ. ನಾಳೆಯೇ ಗ್ಯಾರೇಜಿಗೆ ಬಿಟ್ಟು ಬಾ ಎಂದರು ಗಂಡ. ರವಿವಾರ ಮುಗೀಲಿ ತಡೀರಿ ಎಂದೆ.