ಕರುವಿನ ಹುಳುಕಡ್ಡಿ ಯಾರದು

ಮೊದಲ ಸಲ ಹೋಗಿ ಕಟ್ಟಿ ನೋಡಿದಾಗ ಆ ಕರುವಿನ ಮೈ ಚೊಕ್ಕವಾಗಿತ್ತು. ಹಾಗೆಂದು ನನ್ನ ನೋಟ್‌ಬುಕ್ಕಿನಲ್ಲಿದೆ. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಎರಡು ಸಾವಿರದ ಹದಿನೈದರ ಆಚೀಚಿನ ವರ್ಷಗಳು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಸ್ನಾತಕೋತ್ತರ ಓದುತ್ತ, ದನಗಳಿಗೆ ಹುಳುಕಡ್ಡಿ ತರುವ ಶಿಲೀಂಧ್ರವನ್ನು ಡಿಎನ್‌ಎ ಮೂಲಕ ಗುರುತಿಸುವ ಕೆಲಸ ಮಾಡುತ್ತಿದ್ದೆ. ಕರುಗಳನ್ನು ಕಟ್ಟಿ ಹಿಡಿಯಲು ನನ್ನದೇ ಒಂದು ಹಗ್ಗ. ಮಾಚೇನಹಳ್ಳಿಯ ಕೊಟ್ಟಿಗೆಗೂ ಅದೇ, ಭದ್ರಾವತಿಗೂ ಅದೇ.

ತಿಂಗಳ ನಂತರ ಭದ್ರಾವತಿ ನ್ಯೂ ಟೌನ್‌ನ ಆ ಮನೆಗೆ ಮತ್ತೆ ಹೋದರೆ ಕರುವಿನ ಕಣ್ಣಿನ ಸುತ್ತ ಬೂದಿ ಮೆತ್ತಿದಂಥ ಬಿಲ್ಲೆಗಳು. ಮನೆಯೊಡತಿ, ಮನೆಮನೆಗೆ ಬಂದು ಹಾಲು ಕರೆಯುವ ಹೆಂಗಸಿನ ಮುಂಗೈ ಹಿಡಿದು ನನ್ನ ಮುಂದೆ ಚಾಚಿದರು. ಅಲ್ಲೊಂದು ಕೆಂಪು ಉಂಗುರ.

“ಇವಳ ಕೈಯಿಂದ್ಲೇ ಬಂದಿದ್ದು ಅಲ್ವಾ ಸಾರ್?”

“ಇರಬಹುದು,” ಅಂದೆ.

ಅಷ್ಟಕ್ಕೇ ಆಕೆಯ ಕೆಲಸ ಹೋಯಿತು. ಅದೇ ಬೀದಿಯ ಇನ್ನೂ ಮೂರು ಮನೆಯವರು ಬರಬೇಡ ಅಂದರಂತೆ.

ಕರುವಿನ ಚರ್ಮವನ್ನೂ ಆಕೆಯ ಚರ್ಮವನ್ನೂ ಕೆರೆದು ತಂದೆ. ಕರುವಿಗೆ ಗ್ಯಾರೇಜಿನ ಕರಿ ಆಯಿಲ್ ಬಳಿದಿದ್ದರು. ಅದಕ್ಕೋ ಏನೋ, ಮೂರು ವಾರ ಕಾದರೂ ಲ್ಯಾಬಿನಲ್ಲಿ ಏನೂ ಬೆಳೆಯಲಿಲ್ಲ. ಕೊನೆಗೆ ಡಿಎನ್‌ಎ ತೆಗೆದು, ಹೆಚ್ಚಿಸಿ, ಕತ್ತರಿಸಿದೆ. ಒಂದೊಂದು ಜಾತಿಯ ಶಿಲೀಂಧ್ರದ್ದು ಒಂದೊಂದು ಅಳತೆಯಲ್ಲಿ ತುಂಡಾಗಿ, ನೇರಳಾತೀತ ದೀಪದಡಿ ಗೆರೆಗಳಾಗಿ ಕಾಣುತ್ತದೆ. ಹಗ್ಗದಿಂದ ಕತ್ತರಿಸಿಕೊಂಡಿದ್ದ ನಾಲ್ಕು ಎಳೆಗಳನ್ನೂ ಸೇರಿಸಿದ್ದೆ, ಅದು ಶುದ್ಧವಾಗಿದೆ ಎಂದು ತೋರಿಸಲು.

ದೀಪ ಹಾಕಿದೆ. ಹೆಂಗಸಿನದು ಮನುಷ್ಯರಿಗೆ ಹತ್ತುವ ಜಾತಿ. ಕರುವಿನದು ದನಗಳದ್ದು. ಹಗ್ಗದ ಗೆರೆಗಳು ಥೇಟ್ ಕರುವಿನವೇ.

ಪಕ್ಕದಲ್ಲಿದ್ದ ಸೀನಿಯರ್ ಬಗ್ಗಿ ನೋಡಿದ. “ಒಳ್ಳೇ ಡಾಕ್ಟ್ರು ಮಾರಾಯ ನೀನು! ರೋಗ ಹಂಚ್ಕೊಂಡು ಬಂದು ಆಮೇಲೆ ಹುಡುಕ್ತೀಯ.”

ಎಳೆ ಕತ್ತರಿಸಿದ್ದು ಎರಡನೇ ಸಲ ಹೋದ ದಿನ ಕರುವನ್ನು ಕಟ್ಟುವ ಮೊದಲೋ, ಆಮೇಲೋ? ಆಮೇಲಾದರೆ ಕರುವಿನಿಂದಲೇ ಹಗ್ಗಕ್ಕೆ ಹತ್ತಿರಬಹುದು, ನಾನು ಪಾರು. ನೋಟ್‌ಬುಕ್ಕಿನಲ್ಲಿ ‘ಮೊದಲು’ ಎಂದಿದೆ. ಕತ್ತರಿ ಹಿಡಿದ ಕೈ ನೆನಪಿದೆ. ಹಗ್ಗ ಆಗ ಎಲ್ಲಿತ್ತೆಂಬುದು ಇವತ್ತಿಗೂ ನೆನಪಾಗುತ್ತಿಲ್ಲ. ಆದರೆ ರೋಗ ಆ ಹೆಂಗಸಿನಿಂದ ಬಂದದ್ದಲ್ಲ ಎನ್ನಲು ನನ್ನ ನೆನಪು ಬೇಕಿರಲಿಲ್ಲ.

ಮರುದಿನ ಬಸ್ಸು ಹತ್ತಿ, ಆಕೆಯ ಮನೆ ಹುಡುಕಿ, ರೋಗ ಬಂದದ್ದು ಆಕೆಯಿಂದಲ್ಲ, ನನ್ನ ಹಗ್ಗದಿಂದಿರಬೇಕು ಎಂದು ಹೇಳಿದೆ. ಮುಂಗೈಯ ಉಂಗುರ ಅಷ್ಟರಲ್ಲಿ ಮಾಸಿತ್ತು.

“ನಂಗ್ಯಾಕೆ ಹೇಳ್ತೀರಾ? ನಂಗೆ ಗೊತ್ತೇ ಇತ್ತು. ಬನ್ನಿ, ಅವ್ರಿಗೆ ಹೇಳಿ.”

ಆಕೆ ಮುಂದೆ, ನಾನು ಹಿಂದೆ. ಕರುವಿನ ಮನೆಯೊಡತಿ, “ಹಗ್ಗಕ್ಕೂ ಹುಳುಕಡ್ಡಿ ಬರುತ್ತಾ? ಏನು ಓದಿಸ್ತಾರೋ ನಿಮ್ಗೆ!” ಎಂದು ಬಾಗಿಲು ಹಾಕಿಕೊಂಡರು. ಮುಂದಿನ ಎರಡು ಮನೆಯವರು ನೋಡೋಣ ಅಂದರು. ಕೊನೆಯ ಮನೆಯ ಅಜ್ಜಿ ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ ಹಾಲಿನ ಚೊಂಬು ತಂದು ಆಕೆಯ ಕೈಗಿತ್ತರು. ಆಕೆ ಕೊಟ್ಟಿಗೆಯತ್ತ ನಡೆದಳು. ನಾನೂ ಹಿಂದೆಯೇ ಹೆಜ್ಜೆಯಿಟ್ಟೆ.

“ನೀವು ಗೇಟಿನಾಚೆ ನಿಂತ್ಕೊಳ್ಳಿ ಸಾರ್,” ಅಂದರು ಅಜ್ಜಿ.