ಬೀಗದಕ್ಕನ ಗಾಜಿನ ಮೇಜುಗಳು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಶಾಲೆಯ ಮೈದಾನದಲ್ಲಿ ಹಕ್ಕಿಗಳ ಹೊರತು ಯಾರೂ ಇಲ್ಲ. ಗ್ರಂಥಾಲಯದ ಒಳಗೆ ಮಾತ್ರ ಒದ್ದೆ ಬಟ್ಟೆಯೊಂದು ಗಾಜಿನ ಮೇಲೆ ಕಿರ್ ಕಿರ್ ಎಂದು ಸದ್ದು ಮಾಡುತ್ತಿದೆ. ನಸುಗೆಂಪು ಬೆಳಕಿನಲ್ಲಿ ಮೇಜಿನಿಂದ ಮೇಜಿಗೆ ಸರಿಯುತ್ತ, ನಿನ್ನೆ ಮಕ್ಕಳು ಬರೆದ ಲೆಕ್ಕ, ನಕ್ಷೆ, ಬಾಣದ ಗುರುತುಗಳನ್ನೆಲ್ಲ ಅಳಿಸುತ್ತಿರುವವರು ಶಾಲೆಯ ಅಟೆಂಡರ್. ಬಾಗಿಲ ಪಕ್ಕದ ಮೇಜಿನ ಬಳಿ ಬಂದಾಗ ಅವರ ಕೈ ನಿಲ್ಲುತ್ತದೆ. ಅಲ್ಲಿ ಅರ್ಧಕ್ಕೇ ಬಿಟ್ಟ ತ್ರಿಕೋನವೊಂದಿದೆ. ಅದನ್ನು ಹಾಗೆಯೇ ಬಿಟ್ಟು ಅವರು ಮುಂದೆ ಹೋಗುತ್ತಾರೆ.

ಇವರನ್ನು ಇಡೀ ಶಾಲೆ ಕರೆಯುವುದು ಬೀಗದಕ್ಕ ಎಂದು. ಹೆಸರಿಗೆ ಕಾರಣವಿದೆ. ಸುಮಾರು ಮೂವತ್ತು ವರ್ಷ ಇಲ್ಲಿನ ಪುಸ್ತಕಗಳೆಲ್ಲ ಗಾಜಿನ ಬಾಗಿಲಿನ ಬೀರುಗಳ ಒಳಗೆ ಬೀಗ ಹಾಕಿಸಿಕೊಂಡು ಕೂತಿದ್ದವು. ಮಗು ಹೊರಗೆ ನಿಂತು ಬೆರಳು ತೋರಿಸಬೇಕು, ಅಕ್ಕ ಬೀಗ ತೆಗೆದು ಕೊಡಬೇಕು, ಮಗು ಉಸಿರು ಬಿಗಿಹಿಡಿದು ಓದಬೇಕು. ಸೂಜಿ ಬಿದ್ದರೂ ಕೇಳಿಸಬೇಕು ಎಂಬುದು ಆಗಿನ ನಿಯಮ. ವರ್ಷ ಕಳೆದಂತೆ ಸೂಜಿ ಬೀಳಿಸುವುದಕ್ಕೂ ಯಾರೂ ಬರದಂತಾಯಿತು.

“ನಾನು, ಜೇಡ, ಇಬ್ರೇ ಇರ್ತಿದ್ವಿ,” ಎನ್ನುತ್ತಾರೆ ಬೀಗದಕ್ಕ. “ಅದಾದ್ರೂ ಏನೋ ಒಂದು ನೇಯ್ತಿತ್ತು. ನಾನು ಬರೀ ಆಕಳಿಸ್ತಿದ್ದೆ.”

ಈ ವರ್ಷದ ಆರಂಭದಲ್ಲಿ ಮುಖ್ಯೋಪಾಧ್ಯಾಯಿನಿ, ಅಂದರೆ ಎಲ್ಲರ ದೊಡ್ಡ ಮೇಡಂ, ಬೇರೆ ಶಾಲೆಯೊಂದನ್ನು ನೋಡಿಕೊಂಡು ಬಂದರು. ಅಲ್ಲಿ ಗ್ರಂಥಾಲಯದಲ್ಲಿ ಮಕ್ಕಳು ಗುಂಪಾಗಿ ಕೂತು, ಚರ್ಚಿಸಿ, ಒಬ್ಬರಿಂದ ಒಬ್ಬರು ಕಲಿಯುತ್ತಾರಂತೆ. ನಮ್ಮಲ್ಲೂ ಹಾಗೆ ಆಗಲಿ, ಶಾಲಾ ವರ್ಷದ ಎರಡು ಅವಧಿ ಮುಗಿಯುವುದರೊಳಗೆ ಮಕ್ಕಳು ಬರದಿದ್ದರೆ ಕೋಣೆಯನ್ನು ಉತ್ತರಪತ್ರಿಕೆಗಳ ಉಗ್ರಾಣ ಮಾಡುವುದು ಎಂದು ಅವರು ತೀರ್ಮಾನಿಸಿದರು. ಶಿಕ್ಷಕರಿಗೆ ಪಾಠ ಮುಗಿಸುವ ಆತುರ. ಕೆಲಸ ಜಾರುತ್ತ ಜಾರುತ್ತ ಬೀಗದಕ್ಕನ ಮಡಿಲಿಗೆ ಬಂದು ಬಿತ್ತು. ಕೋಣೆ ಹೋದರೆ ತಾವು ಗೇಟಿನ ಬಳಿಯ ಸ್ಟೂಲಿಗೆ ಹೋಗಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರ ತಮ್ಮ ಬಡಗಿ. ರಜೆಯ ದಿನ ಅವನನ್ನು ಕರೆತಂದು ಬೀರುಗಳ ಮುಂದೆ ನಿಲ್ಲಿಸಿದರು.

“ಬಾಗಿಲೆಲ್ಲ ಬಿಚ್ಚು.”

“ಅಕ್ಕಾ, ಬಾಗಿಲೇ ಹೋದ್ರೆ ನಿನ್ನ ಬೀಗಗಳಿಗೆ ಏನು ಕೆಲಸ?”

“ಒಂದು ನಿನ್ನ ಬಾಯಿಗೆ ಹಾಕ್ತೀನಿ. ಮೊದಲು ತಿರುಪು ಬಿಚ್ಚು.”

ಬಿಚ್ಚಿದ ಬಾಗಿಲುಗಳು ಮೇಜುಗಳಾದವು. ಮುರಿದ ಬೆಂಚುಗಳ ಕಾಲುಗಳೇ ಅವಕ್ಕೂ ಕಾಲು. ಗಾಜಿನ ಸುತ್ತ ಮರದ ಚೌಕಟ್ಟು ಮೊದಲೇ ಇದ್ದುದರಿಂದ ಅಂಚು ತಾಗಿ ಗಾಯವಾಗುವ ಭಯವಿಲ್ಲ. ಕೆಳಗೆ ಬಿಳಿ ಬಣ್ಣ ಬಳಿದ ಹಲಗೆ ಕೊಟ್ಟಿದ್ದರಿಂದ ಗಾಜು ಅದುಮಿದರೂ ಅಲುಗದು, ಬರೆದರೆ ಎದ್ದು ಕಾಣುತ್ತದೆ. ತೆರೆದ ಬೀರುಗಳಲ್ಲಿ ಪುಸ್ತಕಗಳು ಮಕ್ಕಳ ಕೈಗೆಟಕುವಷ್ಟು ಕೆಳಗಿಳಿದವು. ಒಂದು ಮೇಜಿನ ಸುತ್ತ ಆರು ಮಂದಿ ಕೂತು ಬರೆಯಬಹುದು, ಅಳಿಸಬಹುದು, ಮತ್ತೆ ಬರೆಯಬಹುದು. ಲೆಕ್ಕಾಚಾರ ಸರಿಯಾಗಿಯೇ ಇತ್ತು.

ತಪ್ಪಿದ್ದು ಪೆನ್ನಿನಲ್ಲಿ. ಪುಸ್ತಕದ ಬೆನ್ನಿಗೆ ಸಂಖ್ಯೆ ಬರೆಯಲು ವರ್ಷಗಟ್ಟಲೆ ಬಳಸಿದ ತಮ್ಮ ದಪ್ಪ ಪೆನ್ನುಗಳನ್ನೇ ಬೀಗದಕ್ಕ ಮಕ್ಕಳಿಗೆ ಹಂಚಿಬಿಟ್ಟರು. ಎಷ್ಟು ಕೈ ಉಜ್ಜಿದರೂ ಅಳಿಯಬಾರದೆಂದೇ ತಯಾರಾದ ಪೆನ್ನುಗಳವು. ಮೊದಲ ದಿನ ದೊಡ್ಡ ತರಗತಿಯ ಹುಡುಗಿಯರು ಬಾಗಿಲ ಪಕ್ಕದ ಮೇಜಿನ ಮೇಲೆ ಅವಸರದಲ್ಲಿ ಲೆಕ್ಕವೊಂದನ್ನು ಬಿಡಿಸಿ ಹೋದರು. ಒಂದು ನಲ್ಲಿ ತೊಟ್ಟಿಯನ್ನು ಎರಡು ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು ಮೂರು ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತು? ಉತ್ತರ: ಐದು ಗಂಟೆ. ಅದರ ಕೆಳಗೆ ಹೆಮ್ಮೆಯಿಂದ ಎಳೆದ ಎರಡು ಗೆರೆ.

ಸಂಜೆ ಬೀಗದಕ್ಕ ಉಜ್ಜಿದರು. ಸಾಬೂನು ಹಾಕಿ ಉಜ್ಜಿದರು. ಐದು ಗಂಟೆ ಅಲ್ಲಾಡಲಿಲ್ಲ.

“ಹೊಸ ಮೇಜಿಗೆ ಮೊದಲ ದಿನವೇ ಮಸಿ ಬಳಿದೆ ಅಂತ ಹೊಟ್ಟೆ ಉರೀತು,” ಎಂದು ನೆನೆದು ನಗುತ್ತಾರೆ. ಮರುದಿನ ಆ ಮೇಜಿನ ಮೇಲೆ ಬಟ್ಟೆ ಹಾಸಿ ಮುಚ್ಚಿಟ್ಟರು. ಮುಚ್ಚಿಟ್ಟದ್ದನ್ನು ತೆರೆದು ನೋಡದೆ ಇರುವ ಮಕ್ಕಳುಂಟೇ? ಚಿಕ್ಕ ತರಗತಿಯವರು ಬಟ್ಟೆ ಎತ್ತಿದರು, ಓದಿದರು, ಗುಲ್ಲೆಬ್ಬಿಸಿದರು.

“ಒಂದೇ ನಲ್ಲಿಗೆ ಎರಡು ಗಂಟೆ ಸಾಕು ಅಂದ್ಮೇಲೆ ಎರಡೂ ಬಿಟ್ರೆ ಐದು ಗಂಟೆ ಯಾಕೆ?” ಎಂದಳು ಎರಡು ಜಡೆಯ ಪುಟ್ಟ ಹುಡುಗಿ. “ಇನ್ನೊಂದು ನಲ್ಲಿ ನೀರು ಕುಡೀತಾ ಕೂತಿತ್ತಾ?”

ಸುದ್ದಿ ದೊಡ್ಡ ಹುಡುಗಿಯರ ಕಿವಿಗೆ ಬಿತ್ತು. ಮಾನ ಉಳಿಸಿಕೊಳ್ಳಲು ಅವರು ಓಡಿ ಬಂದರು. ಒಬ್ಬಳು ಬೀರುವಿನಿಂದ ಗಣಿತದ ಪುಸ್ತಕ ಎಳೆದಳು, ಇನ್ನೊಬ್ಬಳು ತೊಟ್ಟಿಯ ಚಿತ್ರ ಬರೆದಳು. ಎರಡು ಜಡೆಯವಳನ್ನು ನಡುವೆ ಕೂರಿಸಿಕೊಂಡು, ಒಂದು ಗಂಟೆಯಲ್ಲಿ ತೊಟ್ಟಿಯ ಎಷ್ಟು ಭಾಗ ತುಂಬುತ್ತದೆ ಎಂದು ಎಲ್ಲರೂ ಸೇರಿ ಲೆಕ್ಕ ಹಾಕಿದರು. ಆ ಕೋಣೆ ಅಷ್ಟು ಜನರನ್ನು ಒಟ್ಟಿಗೆ ಕಂಡದ್ದು ಅದೇ ಮೊದಲು.

ಬಡಗಿ ತಮ್ಮ ಪಾಲಿಶ್ ಮಾಡುವ ಸ್ಪಿರಿಟ್ ಹಿಡಿದು ಬಂದ. ಒಂದು ಸಲ ಒರೆಸಿದರೆ ಹೋಗುತ್ತದೆ ಎಂದ.

“ಮುಟ್ಟಬೇಡ ಮಾರಾಯ,” ಎಂದರು ಅಕ್ಕ. “ಸರಿ ಉತ್ತರ ನೋಡೋಕೆ ಇಷ್ಟು ವರ್ಷ ಒಬ್ರೂ ಬರ್ಲಿಲ್ಲ. ತಪ್ಪು ನೋಡೋಕೆ ಊರೇ ಬರ್ತಿದೆ.”

ಅಂದಿನಿಂದ ಇಲ್ಲಿ ಹೊಸ ನಿಯಮ. ಅಳಿಸಬಹುದಾದ ಪೆನ್ನುಗಳು ಬಂದಿವೆ. ಆದರೆ ಸಂಜೆ ಕೊನೆಗೆ ಹೋಗುವ ಗುಂಪು ಬಾಗಿಲ ಪಕ್ಕದ ಮೇಜಿನ ಮೇಲೆ, ಅಳಿಯದ ಆ ಐದು ಗಂಟೆಯ ಪಕ್ಕದಲ್ಲೇ, ಏನನ್ನಾದರೂ ಮುಗಿಸದೆ ಬಿಟ್ಟು ಹೋಗಬೇಕು. ಬೆಳಗ್ಗೆ ಮೊದಲು ಬರುವವರು ಅದನ್ನು ಮುಂದುವರಿಸಬೇಕು. ಬೀಗದಕ್ಕನಿಗೆ ತ್ರಿಕೋನವೂ ತಿಳಿಯದು, ಭಿನ್ನರಾಶಿಯೂ ತಿಳಿಯದು. “ನಂಗೆ ಗೊತ್ತಾಗೋದು ಒಂದೇ. ಯಾವ ಜಗಳ ಪುಸ್ತಕದ ಕಡೆ ಹೋಗ್ತಿದೆ, ಯಾವುದು ಜುಟ್ಟಿನ ಕಡೆ ಹೋಗ್ತಿದೆ ಅನ್ನೋದು. ಜುಟ್ಟಿನ ಕಡೆ ಹೋದ್ರೆ ನಾನೇ ಮಧ್ಯೆ ಹೋಗಿ ಕೂರ್ತೀನಿ.”

ಎರಡು ಅವಧಿಗಳ ಗಡುವು ಮುಗಿಯುವುದು ಇಂದೇ. ಪಕ್ಕದ ಕೋಣೆಯ ವಿಜ್ಞಾನ ಮೇಷ್ಟ್ರು, ಗದ್ದಲದಲ್ಲಿ ಪಾಠ ಸಾಗುತ್ತಿಲ್ಲವೆಂದು ದೂರು ಕೊಟ್ಟಿದ್ದಾರೆ. ದೊಡ್ಡ ಮೇಡಂ ಮಧ್ಯಾಹ್ನ ಬಂದು ನೋಡಿ ನಿರ್ಧರಿಸುವವರಿದ್ದಾರೆ. “ಸ್ವಲ್ಪ ಮೆತ್ತಗೆ ಮಾತಾಡ್ರಪ್ಪಾ,” ಎಂದು ಬೀಗದಕ್ಕ ಮಕ್ಕಳನ್ನು ಬೇಡಿಕೊಂಡಿದ್ದಾರೆ. ಮಕ್ಕಳು ತಲೆಯಾಡಿಸಿದ್ದಾರೆ, ಆ ಕ್ಷಣವೇ ಮರೆತೂ ಬಿಟ್ಟಿದ್ದಾರೆ.

ಮೇಡಂ ಬರುತ್ತಾರೆ. ಕೋಣೆ ಸಂತೆಯಂತಿದೆ. ಒಂದೂ ಕುರ್ಚಿ ಖಾಲಿಯಿಲ್ಲ. ತ್ರಿಕೋನದ ಮೇಲೆ ಬಾಗಿದ ತಲೆಗಳ ಹಿಂದೆ ಅವರು ನಿಲ್ಲುತ್ತಾರೆ.

“ಸ್ವಲ್ಪ ಆ ಕಡೆ ಸರೀರಿ, ಬೆಳಕಿಗೆ ಅಡ್ಡ ಬರ್ತಿದೀರ,” ಎನ್ನುತ್ತಾಳೆ ಎರಡು ಜಡೆಯವಳು, ತಲೆಯೆತ್ತದೆ.

ಬೀಗದಕ್ಕ ಅವಳ ಜಡೆ ಎಳೆಯಲು ಕೈ ಚಾಚುತ್ತಾರೆ. ಅಷ್ಟರಲ್ಲಿ ಮೇಡಂ ಸರಿಯುತ್ತಾರೆ. ಹಾಗೆಯೇ ಬಾಗಿ, ಕಣ್ಣು ಕಿರಿದು ಮಾಡಿ, ತ್ರಿಕೋನವನ್ನು ತಾವೂ ನೋಡತೊಡಗುತ್ತಾರೆ. ಆಮೇಲೆ ಬೀಗದಕ್ಕನ ಕಡೆ ತಿರುಗುತ್ತಾರೆ.

“ಇಲ್ಲಿ ಉತ್ತರಪತ್ರಿಕೆ ಇಡೋಕೆ ಜಾಗ ಎಲ್ಲಿದೆ ಅಕ್ಕ? ನನಗೇ ನಿಲ್ಲೋಕೆ ಜಾಗ ಇಲ್ಲ. ಅವನ್ನ ಬೇರೆ ಎಲ್ಲಾದ್ರೂ ಇಡ್ತೀನಿ. ಮೇಷ್ಟ್ರ ತರಗತೀನ ಮೇಲಿನ ಮಹಡಿಗೆ ಹಾಕಿದ್ರಾಯ್ತು.”

ಅವರು ಹೋದ ಮೇಲೆ ಬೀಗದಕ್ಕ ಗೋಡೆಗೆ ಒರಗಿ ಒಂದು ಲೋಟ ನೀರು ಕುಡಿಯುತ್ತಾರೆ. ಆಮೇಲೆ ಗಡಿಯಾರ ನೋಡಿ ಹೊರಗೆ ನಡೆಯುತ್ತಾರೆ. ಶಾಲೆಯ ಗಂಟೆ ಹೊಡೆಯುವುದೂ ಅವರದೇ ಕೆಲಸ. ಶಾಲೆ ಬಿಡುವ ಗಂಟೆ ಮೊಳಗಿದ್ದೇ ತಡ, ಎಲ್ಲ ಬಾಗಿಲುಗಳಿಂದ ಮಕ್ಕಳು ಕೇಕೆ ಹಾಕುತ್ತ ಹೊರನುಗ್ಗುತ್ತಾರೆ. ಗ್ರಂಥಾಲಯದ ಕಿಟಕಿಯಿಂದ ಮಾತ್ರ ಬೇರೆಯದೇ ಕೂಗು: “ಅಕ್ಕಾ, ನಿಮಗೆ ಬೇರೆ ಕೆಲಸ ಇಲ್ವಾ? ಇನ್ನೇನು ಉತ್ತರ ಬಂದೇ ಬಿಡ್ತಿತ್ತು!”

ಬೀಗದಕ್ಕ ಗಂಟೆ ಹೊಡೆಯುವ ಸುತ್ತಿಗೆಯನ್ನು ಮೊಳೆಗೆ ನೇತುಹಾಕುತ್ತಾರೆ. ಮುಖದ ತುಂಬ ನಗು.

“ಇಷ್ಟು ವರ್ಷ ಗಂಟೆ ಹೊಡ್ದಿದೀನಿ, ಅದಕ್ಕೆ ಬೈಸ್ಕೊಂಡಿದ್ದು ಈ ವರ್ಷವೇ,” ಎನ್ನುತ್ತಾರೆ. “ದಿನಾ ಹೀಗೇ ಬೈತಿರ್ಲಿ. ನಂಗೆ ಅಷ್ಟು ಸಾಕು.”